ಹಗೇವಿಗೆ ಇಳಿಸಿದ ದೀಪ

ಆಗೆಲ್ಲ ಒತ್ತಿದರೆ ಆಗುತ್ತಿತ್ತು. ಗೋಡೆಯ ಮೇಲೆ ಒತ್ತಿದರೆ ಬೆಳಕು, ರೇಷನ್ ಡಿಪೋದಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ, ಫೋನು ಒತ್ತಿದರೆ ಡೆಲ್ಲಿ ದಾರಿಯಲ್ಲಿದ್ದ ಅಪ್ಪನ ಮುಖ. ನನ್ನ ವಯಸ್ಸಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರೂ ಒತ್ತಿದವರೇ. ಈಗಿನ ಮಕ್ಕಳು ನಂಬುವುದಿಲ್ಲ. ನಂಬದಿದ್ದರೆ ಬಿಡಲಿ. ನನ್ನ ಹೆಸರು ತನ್ವಿ. ಈಗ ಊರಲ್ಲಿ ಮುದುಕಿಯರೆಂದರೆ ತನ್ವಿ, ಸಾನ್ವಿ, ಧನ್ಯ ಇವರೇ. ಆಗ ಇವು ಮಕ್ಕಳ ಹೆಸರಾಗಿದ್ದವು. ಮುದುಕಿಯರು ನಿಂಗಮ್ಮ, ಕೆಂಚಮ್ಮ ಅಂತ ಇರುತ್ತಿದ್ದರು.

ನಮ್ಮೂರು ಅರಸೀಕೆರೆಯಿಂದ ಹಾರನಹಳ್ಳಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ. ನಾನು ಮೂರನೇ ಕ್ಲಾಸಿನಲ್ಲಿದ್ದೆ. ಅದೇ ನನ್ನ ಕಡೆಯ ಕ್ಲಾಸು. ಒಂದು ದಿನ ಮಧ್ಯಾಹ್ನ ಕರೆಂಟು ಹೋಯಿತು. ಕರೆಂಟು ಹೋಗುವುದು ನಮಗೇನು ಹೊಸದಲ್ಲ, ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸಂಜೆಗೆ ಟವರೂ ಸತ್ತಿತು. ಮಾರನೆಯ ದಿನ ಬಸ್ಸು ಬರಲಿಲ್ಲ. ಅರಸೀಕೆರೆ ಸ್ಟೇಷನ್ನಿನಲ್ಲಿ ರೈಲು ನಿಂತಲ್ಲೇ ನಿಂತು, ಅದರೊಳಗಿನ ಜನ ಚಕ್ರದ ಪೆಟ್ಟಿಗೆ ಎಳೆದುಕೊಂಡು ನಮ್ಮ ರಸ್ತೆಯಲ್ಲಿ ನಡೆದು ಬಂದರು. ನಮಗೆ ಅವರ ಭಾಷೆ ಬರಲಿಲ್ಲ, ಅವರಿಗೆ ನಮ್ಮದು ಬರಲಿಲ್ಲ. ಎಲ್ಲಿಗೆ ಹೋಗುತ್ತಿದ್ದಾರೆ ಅಂತ ಅವರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಯಾಕೆ ನಿಂತಿತು? ಒಬ್ಬರು ಯುದ್ಧ ಎಂದರು, ಒಬ್ಬರು ಸೂರ್ಯನಿಗೆ ಏನೋ ಆಗಿದೆ ಎಂದರು. ಬೇಲೂರಿನಲ್ಲಿ ಕರೆಂಟು ಇದೆಯಂತೆ ಎಂದು ಕೆಲವರು ನಡೆದು ಹೋದರು. ಬೇಲೂರಿನಿಂದ ಹೊರಟವರು ಹಳೇಬೀಡಿನ ಹತ್ತಿರ ಇವರಿಗೆ ಎದುರಾಗಿ, ಅರಸೀಕೆರೆಯಲ್ಲಿ ಕರೆಂಟು ಇದೆಯಂತಲ್ಲ ಎಂದು ಕೇಳಿದರಂತೆ. ಎರಡು ಕಡೆಯವರೂ ಹಳೇಬೀಡಿನ ಕೆರೆ ಏರಿಯ ಮೇಲೆ ಕೂತು ನೀರು ಕುಡಿದು ಅವರವರ ಊರಿಗೆ ವಾಪಸು ಹೋದರು. ಯಾಕೆ ನಿಂತಿತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಅನ್ನುವವರನ್ನು ನಾನು ನಂಬುವುದಿಲ್ಲ.

ಡಿಪೋದಲ್ಲಿ ಅಕ್ಕಿ ಮೂಟೆ ಕಣ್ಣಿಗೆ ಕಾಣುತ್ತಿತ್ತು. ಆದರೆ ಹೆಬ್ಬೆಟ್ಟಿನ ಮಿಷನ್ನು ಸತ್ತಿತ್ತು. ಹೆಬ್ಬೆಟ್ಟು ತಗೊಳ್ಳದೆ ಕೊಡುವುದಕ್ಕೆ ಬರುವುದಿಲ್ಲ ಎಂದು ಡಿಪೋದವನು ಹೇಳಿದ. ಜನ ಹೌದಲ್ಲ ಎಂದು ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದರು. ಆಮೇಲೆ ಯಾವುದೋ ಊರಿನವರು ಬೀಗ ಒಡೆದು ಎಲ್ಲಾ ಹೊತ್ತುಕೊಂಡು ಹೋದರು. ಅವರಿಗೂ ಹೆಬ್ಬೆಟ್ಟಿತ್ತು, ಒತ್ತುವ ಗೋಜಿಗೆ ಹೋಗಲಿಲ್ಲ, ಅಷ್ಟೆ. ನಾವು ಮಕ್ಕಳು ಅದನ್ನೇ ಆಟ ಮಾಡಿಕೊಂಡೆವು. ಒಬ್ಬಳು ಮಿಷನ್ನು. ಅವಳ ಅಂಗೈಗೆ ಹೆಬ್ಬೆಟ್ಟು ಒತ್ತಬೇಕು. 'ಬಂತು' ಅಂದರೆ ಒಂದು ಹಿಡಿ ಮಣ್ಣು ಸಿಗುತ್ತದೆ. 'ಸರ್ವರ್ ಇಲ್ಲ' ಅಂದರೆ ಓಡಬೇಕು, ಅವಳು ಅಟ್ಟಿಸಿಕೊಂಡು ಬರುತ್ತಾಳೆ. ಕೊನೆಕೊನೆಗೆ ಓಡುವುದಕ್ಕೆ ಯಾರಿಗೂ ಕಾಲು ಬರುತ್ತಿರಲಿಲ್ಲ. ಕೂತುಕೊಂಡೇ ಆಡುತ್ತಿದ್ದೆವು.

ಮನೆಯಲ್ಲಿ ಕಾಳು ಕೂಡಿಡುವುದನ್ನು ಜನ ಯಾವಾಗಲೋ ಬಿಟ್ಟಿದ್ದರು. ಬೆಳೆದ ರಾಗಿ ಕಣದಿಂದಲೇ ಲಾರಿ ಹತ್ತುತ್ತಿತ್ತು. ತಿನ್ನುವುದಕ್ಕೆ ಅಂಗಡಿ ಇತ್ತಲ್ಲ. ನಮಗೆ ಉಳಿದದ್ದು ತೆಂಗು. ಉಂಡೆ ಕೊಬ್ಬರಿಗೆ ಅಂತ ಅಟ್ಟದ ಮೇಲೆ ಹರಡಿದ್ದ ಕಾಯಿಯನ್ನು ಇಳಿಸಿ ಬೆಳಿಗ್ಗೆ ಕಾಯಿ, ಮಧ್ಯಾಹ್ನ ಕಾಯಿ, ರಾತ್ರಿ ಕಾಯಿ. ಜೊತೆಗೆ ನುಗ್ಗೆಸೊಪ್ಪು. ಹೊಟ್ಟೆ ನಿಲ್ಲುತ್ತಿರಲಿಲ್ಲ. ಇವತ್ತಿಗೂ ಒಣಕೊಬ್ಬರಿ ವಾಸನೆ ಬಂದರೆ ನನಗೆ ವಾಕರಿಕೆ. ಆಷಾಢದಲ್ಲಿ ಸಿಕ್ಕಷ್ಟು ರಾಗಿ ಬೀಜ ಬಿತ್ತಿದ್ದೆವು. ತೆನೆ ಕೈಗೆ ಬರುವುದು ಕಾರ್ತಿಕಕ್ಕೆ. ಅಲ್ಲಿಯ ತನಕ ಬದುಕಿರಬೇಕಿತ್ತು. ಶ್ರಾವಣದಲ್ಲೇ ಅಟ್ಟ ಖಾಲಿಯಾಯಿತು. ಊರಲ್ಲಿ ಮುದುಕರು, ಎಳೆ ಮಕ್ಕಳು ಒಬ್ಬೊಬ್ಬರಾಗಿ ಸಾಯತೊಡಗಿದರು. ನಡೆಯುತ್ತಾ ನಡೆಯುತ್ತಾ ಜನ ತಲೆ ಸುತ್ತಿ ಬೀಳುತ್ತಿದ್ದರು. ಬಿದ್ದವರನ್ನು ನೋಡಿ ಯಾರೂ ಗಾಬರಿಯಾಗುತ್ತಿರಲಿಲ್ಲ, ಎಬ್ಬಿಸಿ ಕೂರಿಸುತ್ತಿದ್ದರು.

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಅಮ್ಮ, ನಾನು, ಅಪ್ಪನ ತಾಯಿ ನಿಂಗಜ್ಜಿ, ಅಪ್ಪನ ತಮ್ಮ ಹರೀಶ ಚಿಕ್ಕಪ್ಪ. ಅಪ್ಪ ಎಳನೀರು ಲೋಡು ತುಂಬಿಕೊಂಡು ಲಾರಿಯಲ್ಲಿ ಡೆಲ್ಲಿ ಕಡೆ ಹೋಗಿದ್ದ. ಬರಲಿಲ್ಲ. ಚಿಕ್ಕಪ್ಪ ಅರಸೀಕೆರೆಯ ಒಂದು ಅಂಗಡಿಯಲ್ಲಿ ಮನೆಗಳಿಗೆ ಸೋಲಾರು ಕೂರಿಸುವ ಕೆಲಸ ಮಾಡುತ್ತಿದ್ದ. ಅಂಗಡಿ ಮುಚ್ಚಿದ ಮೇಲೆ ಒಂದು ಸೋಲಾರು ದೀಪ ತಂದಿಟ್ಟುಕೊಂಡಿದ್ದ. ದಿನಾ ಬೆಳಿಗ್ಗೆ ಅದರ ತಗಡನ್ನು ಸೂರಿನ ಮೇಲೆ ಬಿಸಿಲಿಗೆ ಇಡುತ್ತಿದ್ದ, ಅದಕ್ಕೆ ತನ್ನ ಫೋನನ್ನೂ ಸಿಕ್ಕಿಸುತ್ತಿದ್ದ. ಸಂಜೆ ಫೋನು ಹಚ್ಚಿ, ಕೈ ಮೇಲೆತ್ತಿ ಹಿಡಿದು, ಅಂಗಳದಲ್ಲಿ ಒಂದು ಸುತ್ತು ಬರುತ್ತಿದ್ದ. ಅಪ್ಪ ಫೋನು ಮಾಡಿದರೆ ಸಿಗಬೇಕಲ್ಲ. ಏನೂ ಇರುತ್ತಿರಲಿಲ್ಲ. ಆರಿಸಿ ಜೇಬಿಗಿಟ್ಟುಕೊಂಡು ಅಮ್ಮನಿಗೆ ಹೇಳುತ್ತಿದ್ದ, "ನಾಳೆ ಬರುತ್ತೆ ಬಿಡಿ ಅತ್ತಿಗೆ."

ದಿನಾ ಅದೇ ಮಾತು. ಅಜ್ಜಿಗೆ ರೇಗುತ್ತಿತ್ತು.

"ನಿನ್ ನಾಳೇನ ಒಲೆ ಮ್ಯಾಲಿಕ್ಕಿ ಬೇಯಿಸ್ಲೇನ್ಲಾ?"

"ಬೇಯ್ಸವ್ವ. ಉಪ್ಪು ಕಮ್ಮಿ ಹಾಕು," ಎನ್ನುತ್ತಿದ್ದ ಚಿಕ್ಕಪ್ಪ. ಅಮ್ಮ ನಗುತ್ತಿದ್ದಳು. ಅವಳು ಆ ಕಾಲದಲ್ಲಿ ನಕ್ಕದ್ದು ಅವನೊಬ್ಬನ ಮಾತಿಗೆ.

ಹಗೇವಿನ ವಿಷಯ ತೆಗೆದವಳು ಅಜ್ಜಿ. ಹಗೇವು ಅಂದರೆ ನೆಲದೊಳಗಿನ ಕಣಜ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು, ಮಡಕೆಯನ್ನು ಹೂತ ಹಾಗೆ. ಈಗ ಎಲ್ಲಾ ಊರಲ್ಲೂ ಇವೆ. ಆಗ ಒಬ್ಬರಿಗೂ ಅದರ ನೆನಪಿರಲಿಲ್ಲ. ಅಜ್ಜಿ ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಮಾವ ಚಾವಡಿ ಮುಂದಿನ ಹಗೇವಿಗೆ ರಾಗಿ ತುಂಬಿಸಿದ್ದನಂತೆ. ಆಮೇಲೆ ಅವನಿಗೂ ಅವನ ತಮ್ಮನಿಗೂ ವ್ಯಾಜ್ಯ ಬಿದ್ದು, ನೀನು ತೆಗೆಯಬೇಡ, ನಾನೂ ತೆಗೆಯಲ್ಲ ಎಂದು ಚಪ್ಪಡಿ ಮುಚ್ಚಿ ಹಾಗೇ ಬಿಟ್ಟರು. ಇಬ್ಬರೂ ಸತ್ತರು. ಅದರ ಮೇಲೆ ಸಿಮೆಂಟು ರಸ್ತೆ ಬಂತು. ಅಷ್ಟು ವರ್ಷದ ರಾಗಿ ಇರುತ್ತದಾ ಎಂದು ಅಮ್ಮ ಕೇಳಿದಳು. "ರಾಗಿ ಕಣೇ ಅದು. ಕುಂತಿರ್ತದೆ," ಎಂದಳು ಅಜ್ಜಿ.

ಊರವರು ಸೇರಿ ಹಾರೆಯಲ್ಲಿ ರಸ್ತೆ ಒಡೆದರು. ಹಸಿದ ಹೊಟ್ಟೆಯಲ್ಲಿ ಸಿಮೆಂಟು ಒಡೆಯುವುದೇನು ಸುಲಭವೇ, ಕೂತು ಕೂತು ಒಡೆದರು. ಚಪ್ಪಡಿ ಸಿಕ್ಕಿತು. ಎತ್ತಿದಾಗ ಒಳಗಿಂದ ಹುಳಿ ಬಂದ ಹಿಟ್ಟಿನ ವಾಸನೆ ಹೊಡೆಯಿತು. ಕೆಟ್ಟ ವಾಸನೆ ಅಂತ ಒಬ್ಬರಿಗೂ ಅನಿಸಲಿಲ್ಲ. ಊಟದ ವಾಸನೆ ಅದು.

ಹಗೇವು ತೆಗೆದರೆ ಮೊದಲು ಏನು ಮಾಡಬೇಕು ಅಂತ ಅಜ್ಜಿಯನ್ನು ಕೇಳಿದರು. ಅವಳು ನೋಡಿದ್ದು ಒಂದೇ ಸಲ, ಅದೂ ಬಾಗಿಲ ಸಂದಿಯಿಂದ. ಹೆಂಗಸರು ಹತ್ತಿರ ಹೋಗುವ ಹಾಗಿರಲಿಲ್ಲವಂತೆ. ಪೂಜೆ ಮಾಡಿ, ಹಗ್ಗಕ್ಕೆ ದೀಪ ಕಟ್ಟಿ ಇಳಿಸುತ್ತಿದ್ದರು. ದೀಪ ಕೆಟ್ಟರೆ ಭೂಮ್ತಾಯಿ ಒಪ್ಪಲಿಲ್ಲ ಅಂತ. ಉರಿದರೆ ಒಪ್ಪಿದಳು, ಆಳು ಇಳಿಯಬಹುದು. ಅವಳಿಗೆ ಗೊತ್ತಿದ್ದದ್ದು ಇಷ್ಟು.

ದೀಪಕ್ಕೆ ಎಣ್ಣೆ ಇರಲಿಲ್ಲ. ಎಣ್ಣೆಯ ಮಿಲ್ಲು ಕರೆಂಟಿನದು. ಮನೆಯಲ್ಲಿ ಹಿಂಡಿದ್ದು ಹೊಟ್ಟೆಗೇ ಸಾಲದು, ಬತ್ತಿಗೆ ಯಾರು ಹಾಕುತ್ತಾರೆ? ಚಿಕ್ಕಪ್ಪ ಮನೆಗೆ ಹೋಗಿ ಸೋಲಾರು ದೀಪ ತಂದ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಇಳಿಸಿದರು. ನಾವೆಲ್ಲ ಬಗ್ಗಿ ನೋಡಿದೆವು. ತಳಕ್ಕೆ ಹೋಗಿ ಕೂತು ಬೆಳ್ಳಗೆ ಉರಿಯಿತು, ಒಂದಿಷ್ಟೂ ಅಲುಗಲಿಲ್ಲ. ಅಜ್ಜಿ ಬಹಳ ಹೊತ್ತು ನೋಡಿ ಕೈ ಮುಗಿದಳು. "ಒಪ್ಪಿದ್ಲು," ಎಂದಳು.

ಹಗ್ಗ ಹಳೆಯದು, ಹಗುರ ಇದ್ದವರು ಇಳಿಯುವುದು ಒಳ್ಳೆಯದು ಎಂದಾಯಿತು. ಹಗುರ ಇದ್ದದ್ದು ನಾನು. ಅಮ್ಮ ಬೇಡ ಎಂದಳು. ಸೊಂಟಕ್ಕೆ ಕಟ್ಟಿ ನಾನೇ ಹಿಡಿದುಕೊಳ್ಳುತ್ತೇನೆ, ಬಿಡುತ್ತೇನಾ ಎಂದು ಚಿಕ್ಕಪ್ಪ ಹೇಳಿದ. ಮೊದಲ ಮುದ್ದೆ ತನ್ವಿಗೆ ಎಂದು ಅಜ್ಜಿ ಎಲ್ಲರ ಮುಂದೆ ಹೇಳಿದಳು. ನಾನು ತಯಾರಾಗಿದ್ದೆ. ನನ್ನನ್ನು ಯಾರೂ ತಳ್ಳಲಿಲ್ಲ.

ಒಳಗೆ ಬೆಚ್ಚಗಿತ್ತು. ಮೇಲಿನ ಪದರದ ರಾಗಿ ಕಪ್ಪಗೆ ಹೆಪ್ಪುಗಟ್ಟಿತ್ತು, ಕಾಲಿಟ್ಟರೆ ಕುಸಿಯಿತು. ಓಡದೆ ಇದ್ದರೂ ಓಡಿದ ಹಾಗೆ ಉಸಿರು ಬರುತ್ತಿತ್ತು. ರಾಗಿ ತುಂಬುವ ಬಿದಿರಿನ ಮಂಕರಿ ಕೈಯಲ್ಲಿತ್ತು. ಅದು ಯಾತಕ್ಕೆ ಅಂತ ನನಗೆ ಮರೆತುಹೋಯಿತು. ಮೇಲಿನಿಂದ ಚಿಕ್ಕಪ್ಪ ಏನೋ ಕೇಳುತ್ತಿದ್ದ. ಅಪ್ಪನ ಲಾರಿಯ ಹಾರನ್ನು ಕೇಳಿದ ಹಾಗಾಯಿತು. ಇಲ್ಲಿಗೆ ಹೇಗೆ ಬಂತು ಅಂದುಕೊಂಡೆ. ನಿದ್ದೆ ಬಂತು.

ಎಚ್ಚರವಾದಾಗ ಅಮ್ಮನ ತೊಡೆಯ ಮೇಲಿದ್ದೆ, ಮುಖದ ಮೇಲೆ ನೀರು. ಹಸಿವಿಗೆ ತಲೆ ಸುತ್ತಿದೆ ಎಂದು ಎಲ್ಲರೂ ಹೇಳುತ್ತಿದ್ದರು. ದಿನಾ ಬೀಳುವವರ ನಡುವೆ ನಾನೂ ಬಿದ್ದೆ, ಅದರಲ್ಲಿ ವಿಶೇಷ ಏನಿದೆ? ಚಿಕ್ಕಪ್ಪ ನನ್ನ ಸೊಂಟದ ಹಗ್ಗ ಬಿಚ್ಚಿದ. ಹಸಿದ ಮಗುವನ್ನು ಕಳಿಸಿದೆವಲ್ಲ, ತಾನೇ ಇಳಿಯುತ್ತೇನೆ ಎಂದ. ತನ್ನ ಭಾರಕ್ಕೆ ಹಗ್ಗವನ್ನು ಜೋಡಿ ಮಡಚಿ, ಮುಂದಿದ್ದ ಕರೆಂಟು ಕಂಬಕ್ಕೆ ಬಿಗಿದ. ಸೊಂಟಕ್ಕೆ ಕಟ್ಟಿಕೊಳ್ಳುವಷ್ಟು ಉದ್ದ ಉಳಿಯಲಿಲ್ಲ. ಕೈಯಲ್ಲಿ ಹಿಡಿದು ಜಾರುತ್ತೇನೆ ಎಂದ. ಇಳಿಯುವ ಮೊದಲು ಅಜ್ಜಿಯ ಕಡೆ ನೋಡಿದ.

ಅಜ್ಜಿ ಮತ್ತೆ ಬಗ್ಗಿ ದೀಪ ನೋಡಿದಳು.

"ಉರೀತಾ ಐತೆ. ಹೋಗು."

ಹೋಗಿ ಬಾ ಅನ್ನುವುದು ನಮ್ಮಲ್ಲಿ ವಾಡಿಕೆ. ಅವಸರದಲ್ಲಿ ಬರೀ ಹೋಗು ಅಂದಳು.

ಸ್ವಲ್ಪ ಹೊತ್ತಿಗೆ ಒಳಗಿಂದ ಅವನ ದನಿ ಬಂತು. "ಅತ್ತಿಗೆ, ಕರೀದು ಮೇಲೆ ಮಾತ್ರ. ಕೆಳಗೆ ಕೆಂಪಗಿದೆ." ಒಂದು ಮಂಕರಿ ಮೇಲೆ ಬಂತು. ಕೆಂಪು ರಾಗಿ. ಜನ ಮಂಕರಿಗೆ ಮುತ್ತಿಕೊಂಡರು. ಕೈ ಹಾಕಿದರು, ಮೂಸಿದರು, ಕೆಲವರು ಹಾಗೇ ಬಾಯಿಗೆ ಹಾಕಿಕೊಂಡು ಅಗಿದರು. ಅಮ್ಮನೂ ಹೋದಳು. ಅಷ್ಟು ಹೊತ್ತು ಹಗೇವಿನ ಕಡೆ ಯಾರೂ ತಿರುಗಿ ನೋಡಲಿಲ್ಲ.

ಎರಡನೆಯ ಮಂಕರಿ ಇಳಿಸಿದರು. ಅದು ಮೇಲೆ ಬರಲಿಲ್ಲ. ಕೂಗಿದರು. ಬಗ್ಗಿ ನೋಡಿದರೆ ಚಿಕ್ಕಪ್ಪ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ದೀಪ ಉರಿಯುತ್ತಿತ್ತು. ಇವನಿಗೂ ತಲೆ ಸುತ್ತಿತಾ ಎನ್ನುತ್ತಾ ಪಕ್ಕದ ಮನೆಯ ರಂಗಪ್ಪ ಹಗ್ಗ ಹಿಡಿದು ಕಾಲು ಇಳಿಬಿಟ್ಟ. ನಾನು ಅಮ್ಮನ ಸೀರೆ ಹಿಡಿದುಕೊಂಡು, ಅಲ್ಲಿ ಉಸಿರು ಸಾಲಲ್ಲ, ನಿದ್ದೆ ಬರುತ್ತೆ ಎಂದೆ. ಸುಮ್ಮನೆ ಅಂದದ್ದು. ರಂಗಪ್ಪ ನಿಂತ. ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ಹತ್ತಿರದ ಮನೆಯ ಒಲೆಯಿಂದ ಒಣ ತೆಂಗಿನ ಸೋಗೆಗೆ ಬೆಂಕಿ ಹಚ್ಚಿಕೊಂಡು ಬಂದು ಹಗೇವಿನ ಬಾಯಿಗೆ ಹಿಡಿದು ಬಿಟ್ಟಳು. ಅದು ಧಗಧಗ ಉರಿಯುತ್ತಿತ್ತು. ಹಗೇವಿನ ಕುತ್ತಿಗೆ ದಾಟುವುದಕ್ಕೂ ಇಲ್ಲ, ಯಾರೋ ಊದಿದ ಹಾಗೆ ಆರಿತು. ಹೊಗೆ ಮೇಲೆ ಬರಲಿಲ್ಲ, ನೀರಿನ ಮೇಲೆ ತೇಲಿದ ಹಾಗೆ ಅಲ್ಲೇ ನಿಂತಿತು. ಅದರ ಕೆಳಗೆ ಚಿಕ್ಕಪ್ಪನ ದೀಪ ಬೆಳ್ಳಗೆ ಉರಿಯುತ್ತಲೇ ಇತ್ತು.

ಕಂಬಳಿ ಬೀಸಿ, ಸೊಪ್ಪಿನ ಹೊರೆ ಇಳಿಸಿ ಎತ್ತಿ ಇಳಿಸಿ ಎತ್ತಿ, ಗಾಳಿ ಹೊರಡಿಸಿದರು. ಸೋಗೆಯ ಬೆಂಕಿ ತಳದ ತನಕ ಕೆಡದೆ ಹೋಗಿದ್ದು ಮಾರನೆಯ ದಿನ. ಆಗ ರಂಗಪ್ಪ ಇಳಿದು ಚಿಕ್ಕಪ್ಪನನ್ನು ಕಟ್ಟಿದ, ಎಲ್ಲರೂ ಎಳೆದರು. ಆಮೇಲೆ ದೀಪ ಬಂತು. ಬಿಸಿಲು ಕಾಣದೆ ಆ ಹೊತ್ತಿಗೆ ಅದೂ ಆರಿತ್ತು. ಆಮೇಲೆ ರಾಗಿ ಬಂತು, ಮಂಕರಿ ಮೇಲೆ ಮಂಕರಿ.

ಅವನನ್ನು ಮಣ್ಣು ಮಾಡಿ ಬಂದು ಅಜ್ಜಿ ರಾಗಿ ಬೀಸಿ ಮುದ್ದೆ ಮಾಡಿದಳು. ಮೊದಲನೆಯದು ನನ್ನ ತಟ್ಟೆಗೆ ಹಾಕಿದಳು, ಹೇಳಿದ್ದಳಲ್ಲ. ಅಮ್ಮ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ತಿಂದೆ. ಮುಗ್ಗಲು ವಾಸನೆ ಸ್ವಲ್ಪ ಇತ್ತು. ರುಚಿ ಹೇಗಿತ್ತು ಅಂತ ನನ್ನ ಮೊಮ್ಮಕ್ಕಳು ಕೇಳುತ್ತಾರೆ. ಚೆನ್ನಾಗಿತ್ತು. ಆ ರಾಗಿಯಲ್ಲಿ ಊರು ಕಾರ್ತಿಕದ ತನಕ ಬದುಕಿತು. ಅವನು ಕೂತಿದ್ದ ಜಾಗದ ರಾಗಿಯನ್ನೂ ತಿಂದೆವು. ಬಿಡುವುದಕ್ಕೆ ಆಗುತ್ತಿತ್ತಾ?

ಅಜ್ಜಿ ಅಳಲಿಲ್ಲ. ಆ ದೀಪವನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದವರನ್ನೆಲ್ಲ ಕೇಳುತ್ತಿದ್ದಳು, ಇದು ಯಾಕೆ ಕೆಡಲಿಲ್ಲ, ಭೂಮ್ತಾಯಿ ಒಪ್ಪಿದ್ದಳಲ್ಲ. ಬಿಸಿಲಿಗೆ ಇಟ್ಟರೆ ಅದು ಮತ್ತೆ ಉರಿಯುತ್ತಿತ್ತು. ಬೆಂಕಿಯ ದೀಪಕ್ಕೂ ಮನುಷ್ಯನ ಹಾಗೆ ಉಸಿರು ಬೇಕು, ಇದಕ್ಕೆ ಬೇಡ ಎಂದು ಹೇಳುವವರು ಊರಲ್ಲಿ ಯಾರೂ ಇರಲಿಲ್ಲ. ನನಗೆ ಅದು ಹೊಳೆಯುವ ಹೊತ್ತಿಗೆ ಅಜ್ಜಿ ಹೋಗಿ ವರ್ಷಗಳಾಗಿದ್ದವು. ಅವಳು ಕೇಳುತ್ತಲೇ ಸತ್ತಳು.

ಚಿಕ್ಕಪ್ಪನ ಜೇಬಿನಲ್ಲಿ ಫೋನಿತ್ತು. ಅಮ್ಮ ಅದನ್ನು ಕೆಲವು ದಿನ ಸೂರಿನ ಮೇಲಿನ ತಗಡಿಗೆ ಸಿಕ್ಕಿಸಿ ಬಿಸಿಲಿಗೆ ಇಟ್ಟಳು. ಸಂಜೆ ಹಚ್ಚಿ, ಕೈ ಮೇಲೆತ್ತಿ, ಅವನ ಹಾಗೇ ಅಂಗಳದಲ್ಲಿ ಒಂದು ಸುತ್ತು ಬರುತ್ತಿದ್ದಳು. ಸುತ್ತು ಮುಗಿದ ಮೇಲೆ ಏನೋ ಹೇಳಬೇಕು ಅನ್ನುವ ಹಾಗೆ ನಿಲ್ಲುತ್ತಿದ್ದಳು. ಹೇಳುವುದಕ್ಕೆ ಆಗದೆ ಒಳಗೆ ಬರುತ್ತಿದ್ದಳು. ಒಂದು ದಿನ ಇಡುವುದನ್ನು ಬಿಟ್ಟಳು.

ಈಗ ಊರಲ್ಲಿ ಹಗೇವುಗಳು ತುಂಬಿವೆ, ದೀಪಕ್ಕೆ ಎಣ್ಣೆ ಇದೆ, ಯಾರೂ ಹಸಿವಿಗೆ ಬೀಳುವುದಿಲ್ಲ. ಹಗೇವು ತೆಗೆಯುವಾಗ ನನ್ನನ್ನು ಕರೆದು ಬಾಯಿಯ ಹತ್ತಿರ ಕೂರಿಸುತ್ತಾರೆ. ಎಣ್ಣೆ ದೀಪ ಇಳಿಸಿ ನಾನು ನೋಡುತ್ತೇನೆ. ಏನೇನು ಹೋಯಿತಜ್ಜಿ, ಕರೆಂಟಾ, ಫೋನಾ, ಬಸ್ಸಾ ಅಂತ ಮಕ್ಕಳು ಕೇಳುತ್ತಾರೆ. ಅವೆಲ್ಲ ಇಲ್ಲದೆಯೇ ನಾನು ಮುದುಕಿಯಾದೆ, ಅವುಗಳ ಮುಖವೂ ಸರಿಯಾಗಿ ನೆನಪಿಲ್ಲ. ಆದರೆ ಚಿಕ್ಕಪ್ಪ ಹೋದ ಮೇಲೆ ನಮ್ಮ ಮನೆಯಲ್ಲಾಗಲಿ ಊರಲ್ಲಾಗಲಿ, ಸಂಜೆ ಅಂಗಳದಲ್ಲಿ ನಿಂತು, ನಾಳೆ ಬರುತ್ತೆ ಬಿಡಿ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ನಾನೂ ಪೂರ್ತಿ ಹೇಳಿಲ್ಲ. ಒಂದೆರಡು ಸಲ ಬಾಯಿ ತೆರೆದು 'ನಾಳೆ ಬರುತ್ತೆ' ಅನ್ನುವ ತನಕ ಬಂದಿದ್ದೆ. ಏನು ಬರುತ್ತೆ ಅಂತ ಮೊಮ್ಮಗಳು ಕೇಳಿದಳು.