ಎಲ್ಲವೂ ಬೆಸ್ಟ್ ಎನ್ನುವ ಅಭಿಮಾನಿ

ನನಗೊಂದು ಕೆಟ್ಟ ಚಾಳಿಯಿದೆ. ಒಮ್ಮೆ ಮೆಚ್ಚಿದರೆ ಮೆಚ್ಚುತ್ತಲೇ ಇರುತ್ತೇನೆ. ನೆಂಟರ ಮನೆಯ ಸಪ್ಪೆ ಸಾರನ್ನೂ ಹೊಗಳಿ ಹೊಗಳಿ ಮೂರು ಸಲ ಬಡಿಸಿಕೊಂಡವನು ನಾನು. ಇಂಥ ಅಭಿಮಾನಿ ಸಿಕ್ಕಿದ್ದು ಗೋಪಾಲಣ್ಣನ ಬ್ಯಾಂಡಿನ ಪುಣ್ಯವೋ ಪಾಪವೋ ತಿಳಿಯದು.

ಗೋಪಾಲಣ್ಣ ಉಡುಪಿ ಕಡೆಯವರು. ಮುಂಬೈ ಬಳಿಯ ಡೊಂಬಿವಲಿ ಸ್ಟೇಷನ್ ಹತ್ತಿರ ಸಸ್ಯಾಹಾರಿ ಹೋಟೆಲು ಇದೆ, ಆದರೆ ಜೀವವೆಲ್ಲ ಮ್ಯಾಂಡೊಲಿನ್ ಮೇಲೆ. ಜೊತೆಗೆ ಪಕ್ಕದೂರು ಕಲ್ಯಾಣದ ಮಿಲಿಂದನ ಢೋಲಕಿ, ಗಿಟಾರಿಗೊಬ್ಬರು, ಕೀಬೋರ್ಡಿಗೊಬ್ಬರು. ಇವರದು ಜ್ಯಾಮ್ ಬ್ಯಾಂಡ್. ಅಂದರೆ ಎಲ್ಲಿಂದ ಹೊರಡಬೇಕು ಎಂಬುದಷ್ಟೇ ಮೊದಲೇ ಗೊತ್ತಿರುತ್ತದೆ. ಎಲ್ಲಿ ತಿರುಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಒಬ್ಬರ ಮುಖ ಒಬ್ಬರು ನೋಡಿ ನುಡಿಸುತ್ತಲೇ ತೀರ್ಮಾನಿಸುತ್ತಾರೆ. ಯಕ್ಷಗಾನದ ಭಾಗವತರು ವೇಷಧಾರಿಯ ಹುರುಪು ನೋಡಿ ಪದ ಎಳೆಯುವುದಿಲ್ಲವೇ, ಹಾಗೆ. ಶಾಸ್ತ್ರೀಯ ಸಂಗೀತದಲ್ಲಿ ಇದಕ್ಕೆ ಮನೋಧರ್ಮ ಎಂಬ ಗಂಭೀರ ಹೆಸರಿದೆ. ನನ್ನ ಹೆಂಡತಿ ವನಜಾ ಮಾತ್ರ 'ಮುಗಿಯದ್ದು' ಎನ್ನುತ್ತಾಳೆ.

ಮಾಜಿವಾಡಾದ ಆ ಮದುವೆಯನ್ನು ಹೇಗೆ ಮರೆಯಲಿ? ಮುಹೂರ್ತಕ್ಕೆ ಮುಂಚೆ ಹತ್ತು ನಿಮಿಷ ನುಡಿಸಿ ಎಂದಿದ್ದರು. ಹತ್ತು ಹೋಗಿ ಇಪ್ಪತ್ತೈದಾಯಿತು. ಪುರೋಹಿತರು ಕೈಗಡಿಯಾರ ತೋರಿಸಿದರು. ಕಣ್ಣು ಮುಚ್ಚಿ ನುಡಿಸುತ್ತಿದ್ದ ಗೋಪಾಲಣ್ಣನಿಗೆ ಕಾಣುವುದೆಲ್ಲಿಂದ? ಕೊನೆಗೆ ಪುರೋಹಿತರೇ "ಗಟ್ಟಿಮೇಳ!" ಎಂದು ಕೂಗಿದರು. ಕನ್ನಡ ಅರೆಬರೆ ತಿಳಿಯುವ ಮಿಲಿಂದ ಅದನ್ನು ಶಹಬ್ಬಾಸ್ ಎಂದುಕೊಂಡು ಇನ್ನೂ ಜೋರಾಗಿ ಬಾರಿಸಿದ. ಆ ಅಬ್ಬರದಲ್ಲೇ ತಾಳಿ ಕಟ್ಟಿಯಾಯಿತು.

ವಾಶಿಯಲ್ಲಿ ಒಮ್ಮೆ ನಟ್ಟನಡುವೆ ಕರೆಂಟು ಹೋಯಿತು. ಮೈಕಿಲ್ಲದೆ ಮ್ಯಾಂಡೊಲಿನ್ ಪಿಸುಗುಟ್ಟಿತು. ಬಾಗಿಲ ಬಳಿ ವಡಾಪಾವ್ ತಿನ್ನುತ್ತಿದ್ದವರೂ ಕುರ್ಚಿ ಎಳೆದುಕೊಂಡು ಮುಂದೆ ಬಂದರು. ಕರೆಂಟು ಬಂದಾಗ ಬೇಸರಪಟ್ಟ ಸಭೆಯನ್ನು ನಾನು ನೋಡಿದ್ದು ಅದೊಂದೇ. ಎರಡೂ ಸಲ ವೇದಿಕೆಗೆ ಓಡಿ, "ಇವತ್ತಿನದೇ ಬೆಸ್ಟ್, ಗೋಪಾಲಣ್ಣ" ಎಂದೆ. ಉಳಿದ ಎಲ್ಲಾ ಸಲವೂ ಅದನ್ನೇ ಹೇಳಿದ್ದೇನೆ.

ಕಳೆದ ವರ್ಷ ಗೋಪಾಲಣ್ಣನಿಗೆ ಪಾರ್ಶ್ವವಾಯು ಆಯಿತು. ನಡಿಗೆ, ಮಾತು ಎರಡೂ ಮರಳಿದವು, ಎಡಗೈಯ ಎರಡು ಬೆರಳು ಮಾತ್ರ ಹಟ ಹಿಡಿದವು. ಮ್ಯಾಂಡೊಲಿನ್ ಕಪಾಟು ಸೇರಿತು. ಅವರು ಗಲ್ಲಾದಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲಾಗದೆ ನಾನು ಆ ದಾರಿಯನ್ನೇ ಬಿಟ್ಟೆ. ಮಿಲಿಂದ ಬಿಡಲಿಲ್ಲ. "ಅಣ್ಣಾ, ಆಪ್ ಬಸ್ ಬೈಠೋ, ಬಾಕಿ ಹಮ್ ದೇಖ್ ಲೇಂಗೆ", ನೀವು ಕೂತರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಕಾಮೋಠೆಯ ಒಂದು ಹೌಸಿಂಗ್ ಸೊಸೈಟಿಯ ಕಾರ್ಯಕ್ರಮಕ್ಕೆ ಹೊರಡಿಸಿಯೇ ಬಿಟ್ಟ.

ಗೋಪಾಲಣ್ಣ ಅಳುಕುತ್ತ ಶುರು ಮಾಡಿದರು. ಒಂದು ಕಡೆ ಬೆರಳು ಕೈಕೊಟ್ಟಿತು, ಸ್ವರವಿರಬೇಕಾದಲ್ಲಿ ಖಾಲಿ. ಮಿಲಿಂದ ಅಲ್ಲೇ ತಟ್ಟನೆ ಢೋಲಕಿಯಿಂದ ಕೈ ಎತ್ತಿದ. ಮುಂದಿನ ಸುತ್ತಿನಲ್ಲಿ ಗಿಟಾರೂ ಕೀಬೋರ್ಡೂ ಅದೇ ಜಾಗವನ್ನು ಖಾಲಿ ಬಿಟ್ಟವು. ಮೂರನೇ ಸುತ್ತಿಗೆ ಜನ ಸರಿಯಾಗಿ ಆ ಖಾಲಿ ಜಾಗಕ್ಕೇ ಚಪ್ಪಾಳೆ ಹಾಕತೊಡಗಿದರು. ಗೋಪಾಲಣ್ಣನ ತಲೆ ಮೆಲ್ಲಗೆ ತೂಗತೊಡಗಿತು. ನನ್ನ ಕಣ್ಣು ಒದ್ದೆಯಾಯಿತು.

ಮುಗಿದೊಡನೆ ಓಡಿದೆ. "ಇವತ್ತಿನದೇ ಬೆಸ್ಟ್!"

"ನೀವು ಯಾವತ್ತು ಬೇರೆ ಹೇಳಿದ್ದೀರಿ ಮಾರಾಯ್ರೆ?" ಎಂದರು ಗೋಪಾಲಣ್ಣ. ನಗುತ್ತಿರಲಿಲ್ಲ. "ಈಗ ನಾನು ಚಮಚ ಎತ್ತಿದರೂ ಎಲ್ಲರೂ ವಾಹ್ ಅನ್ನುತ್ತಾರೆ. ಯಾರನ್ನು ನಂಬುವುದು?"

ಇಷ್ಟು ವರ್ಷ ದುಂದು ಮಾಡಿದ ಆ ಒಂದು ಪದ, ನಿಜವಾಗಿ ಬೇಕಾದ ದಿನ ನನ್ನ ಬಳಿ ಉಳಿದಿರಲಿಲ್ಲ.

ಹಿಂದಿನಿಂದ ವನಜಾ ಬಂದಳು. "ಅಲ್ಲ ಗೋಪಾಲಣ್ಣ, ನಡುವಲ್ಲಿ ಎಂತಕ್ಕೆ ಅಷ್ಟು ಓಡಿದ್ದು? ಢೋಲಕಿ ಹಿಂದೆಯೇ ಉಳಿಯಿತಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು ನನಗೆ. ಗೋಪಾಲಣ್ಣ ತಮ್ಮ ಎಡಗೈಯನ್ನು ನೋಡಿಕೊಂಡರು.

"ಓಡಿದೆನಾ? ಈ ಬೆರಳಿಟ್ಟುಕೊಂಡಾ?"

"ಮತ್ತೆ? ಹಿಡಿಯುವವರೇ ಇರಲಿಲ್ಲ."

ಅವರ ಮುಖ ಅರಳಿತು. "ಏ ಮಿಲಿಂದ್, ಬಾ ಇಲ್ಲಿ! ನೀನು ಹಿಂದೆ ಬಿದ್ದೆಯಂತೆ!" "ಮೈಂ ನಹೀಂ ಅಣ್ಣಾ, ಆಪ್ ಭಾಗೇ!" ಓಡಿದ್ದು ನೀವೇ ಎಂದು ಮಿಲಿಂದ ತಿರುಗಿಬಿದ್ದ. ಇಬ್ಬರೂ ಹಳೆಯ ಹುರುಪಿನಲ್ಲಿ ಜಗಳಕ್ಕೆ ನಿಂತರು. ರೋಗಿಗೂ ಚಪ್ಪಾಳೆ ಸಿಗುತ್ತದೆ. ತಪ್ಪು ಹುಡುಕಿಸಿಕೊಳ್ಳುವ ಮರ್ಯಾದೆ ವಾದಕನಿಗೆ ಮಾತ್ರ.

ಹೊರಡುವಾಗ ಗೋಪಾಲಣ್ಣ ಹೇಳಿದರು: "ಮಂಗಳವಾರದಿಂದ ಮತ್ತೆ ಪ್ರ್ಯಾಕ್ಟೀಸ್. ವನಜಕ್ಕ, ನೀವು ಬರಲೇಬೇಕು." ಆಮೇಲೆ ನನ್ನ ಕಡೆ ತಿರುಗಿ, "ಇವರೂ ಬರುವುದಾದರೆ ಬರಲಿ."