ಮೈಕು ಹಿಡಿದು ನಿಂತ ಕಲ್ಲಿನಾಥ

ಕಿಣ್ಣಿ ಸುಲ್ತಾನ ಎಂಬ ಊರಿನ ದಿಲೀಪ ಅಫಜಲಪುರದ ಬಸ್ ಸ್ಟ್ಯಾಂಡ್ ಎದುರಿಗೆ ಫೋಟೋ ಸ್ಟುಡಿಯೋ ಇಟ್ಟು ಬಹಳ ವರ್ಷವಾಗಿತ್ತು. ಮದುವೆ, ಜವಳದ ಫೋಟೋ ಹೊಟ್ಟೆಪಾಡಿಗೆ. ಅವನ ಜೀವವಿದ್ದದ್ದು ನಾಟಕದ ಫೋಟೋಗಳಲ್ಲಿ. ಆಳಂದ, ಜೇವರ್ಗಿ ಕಡೆ ಎಲ್ಲಿ ನಾಟಕವಿದ್ದರೂ ಅವನಿಗೇ ಕರೆ. ದಿಲೀಪ ಫ್ಲ್ಯಾಶ್ ಹೊಡೆಯುತ್ತಿರಲಿಲ್ಲ. ಫಕ್ಕನೆ ಮುಖಕ್ಕೆ ಬೆಳಕು ಬಿದ್ದರೆ ಪಾತ್ರಧಾರಿಗೆ ಮಾತು ಮರೆತುಹೋಗುತ್ತದೆ ಎನ್ನುತ್ತಿದ್ದ. ಸ್ಟೇಜಿನ ಮಬ್ಬು ಬೆಳಕಿನಲ್ಲೇ, ಪೆಂಡಾಲಿನ ಕಂಬಕ್ಕೆ ಭುಜ ಆನಿಸಿ, ಉಸಿರು ಬಿಗಿಹಿಡಿದು ತೆಗೆಯುವುದು ಅವನ ರೂಢಿ. ಅಂಥ ಬೆಳಕಿನಲ್ಲಿ ಎದುರಿಗಿದ್ದವರು ಚೂರು ಅಲ್ಲಾಡಿದರೂ ಫೋಟೋ ಕಲಸಿಹೋಗುತ್ತದೆ. ಅದಕ್ಕೇ ಮೊದಲು ಬಣ್ಣ ಹಚ್ಚುವಲ್ಲಿಗೆ ಹೋಗಿ ಒಂದು ಮಾತು ಹೇಳಿ ಬರುತ್ತಿದ್ದ.

ಭೀಮಾ ದಂಡೆಯ ಒಂದು ಹಳ್ಳಿಯಲ್ಲಿ ಹುಡುಗರು ನಾಟಕ ಆಡಿದ ದಿನವೂ ಹೇಳಿದ. ಮುಖ್ಯ ಪಾತ್ರ ಕಲ್ಲಿನಾಥನದು. ಗೌಂಡಿ ಕೆಲಸದವನು, ಗೋಡೆ ಕಟ್ಟುತ್ತಲೇ ಮಾತೆಲ್ಲ ಬಾಯಿಪಾಠ ಮಾಡಿದ್ದ.

"ನಾಟಕದಾಗ ಜೇಲಿಂದ ಬಂದು ಅವ್ವನ ಮುಂದ ಮಾತಾಡ್ತಿಯಲ್ಲ, ಅಲ್ಲಿ ಮಾತು ಮುಗದ ಮ್ಯಾಲ ಒಂದೀಟು ಹಂಗೇ ನಿಂದುರು. ಅಲ್ಲಾಡಬ್ಯಾಡ."

"ನಿಂದುರ್ತೀನ್ರಿ ಅಣ್ಣಾ. ಆದ್ರ ನಮ್ಮವ್ವಗ ಒಂದು ದೊಡ್ಡದು ಮಾಡಿ ಕೊಡ್ರಿ. ಗ್ವಾಡಿಗಿ ಹಾಕ್ಬೇಕಂತಾಳ."

ಸಂಜೆ ಜುಮುರು ಮಳೆಯಾಗಿ ಸ್ಟೇಜಿನ ಹಲಗೆಗಳು ತೊಯ್ದಿದ್ದವು. ಗೋಣಿಚೀಲದಿಂದ ಒರೆಸಿ ನಾಟಕ ಶುರು ಮಾಡಿದರು. ಆ ದೃಶ್ಯ ಬಂತು. ಬರಿಗಾಲಲ್ಲಿ ಮುಂದೆ ಬಂದ ಕಲ್ಲಿನಾಥ ಮಾತಿನ ಭರದಲ್ಲಿ ಮೈಕಿನ ಕಬ್ಬಿಣದ ಸ್ಟ್ಯಾಂಡು ಹಿಡಿದ. ಮಾತು ಅರ್ಧಕ್ಕೇ ನಿಂತಿತು. ದುಃಖಕ್ಕೆ ಗಂಟಲು ಕಟ್ಟಿತು ಅಂದುಕೊಂಡರು ಜನ. ಕಣ್ಣು ಅಗಲಿಸಿ, ಕತ್ತಿನ ನರ ಉಬ್ಬಿ, ಅಲುಗದೆ ನಿಂತುಬಿಟ್ಟ. ಹೇಳಿದ್ದು ನೆನಪಿಟ್ಟಾನಲ್ಲ ಎಂದು ದಿಲೀಪ ಹಿಗ್ಗಿ ಬಟನ್ ಒತ್ತಿದ. ಮತ್ತೆ ಒತ್ತಿದ. ಮುಂದಿನಿಂದ ಚಪ್ಪಾಳೆ ಎದ್ದಿತು, ಸಿಳ್ಳೆ ಬಿದ್ದವು.

ದೀಪಗಳು ಒಮ್ಮೆ ಮಂಕಾದವು. ತೆರೆಯ ಹಿಂದಿನಿಂದ ಯಾರೋ ಕಿರುಚಿದರು: "ಕರೆಂಟ್ ಹಿಡದೈತಿ! ಬಂದ್ ಮಾಡ್ರಲೇ!"

ಮೇನ್ ಸ್ವಿಚ್ ತೆಗೆದದ್ದೇ ಕಲ್ಲಿನಾಥ ಸ್ಟ್ಯಾಂಡಿನ ಸಮೇತ ಬಿದ್ದ. ಜೀಪಿಗೆ ಹಾಕಿಕೊಂಡು ಓಡಿದರು. ದಾರಿಯಲ್ಲೇ ಜೀವ ಹೋಯಿತು.

ಮರುದಿನ ದಿಲೀಪ ಕಂಪ್ಯೂಟರಿನಲ್ಲಿ ಫೋಟೋ ತೆರೆದ. ಕತ್ತಲಲ್ಲಿ ಇಷ್ಟು ಸ್ವಚ್ಛವಾದ ಫೋಟೋ ಅವನು ಎಂದೂ ತೆಗೆದಿರಲಿಲ್ಲ. ಒಂದೊಂದು ರೆಪ್ಪೆಗೂದಲೂ ಬೇರೆಬೇರೆ ಕಾಣುತ್ತಿತ್ತು. ಕಂಪ್ಯೂಟರು ಆರಿಸಿ, ಸ್ಟುಡಿಯೋದ ಬಾಗಿಲು ಹಾಕಿ ಹೊರಗೆ ಬಂದ.

ದಿನಕರ್ಮ ಮುಗಿದ ಮೇಲೆ ಕಲ್ಲಿನಾಥನ ತಾಯಿ ಭಾಗಮ್ಮ ಸ್ಟುಡಿಯೋಕ್ಕೆ ಬಂದಳು. ದಿಲೀಪ ಮೊದಲ ಅಂಕದ ಫೋಟೋ ಕೊಟ್ಟ. ಅದರಲ್ಲಿ ಕಲ್ಲಿನಾಥ ನಗುತ್ತ ತಿರುಗುತ್ತಿದ್ದ. ಅರ್ಧ ಮುಖ ಕಲಸಿಹೋಗಿತ್ತು.

"ಇದಲ್ಲಪ್ಪಾ. ಅವ್ವನ ಮುಂದ ನಿಂತದ್ದು ಕೊಡು."

"ಅದು ಬ್ಯಾಡ, ಯಕ್ಕಾ."

ಅವಳು ಕದಲಲಿಲ್ಲ. ಅವನಿಗೆ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಆವಾಗ್ಲೇ ಕರೆಂಟ್ ಹಿಡದಿತ್ತು. ನಾ ನಿಂದುರು ಅಂದಿದ್ದೆ, ಅದಕ್ಕ ನಿಂತಾನ ಅಂತ ತಿಳಕೊಂಡೆ. ಕ್ಯಾಮೆರಾ ಒಗದು ಓಡಿದ್ರ..."

ಭಾಗಮ್ಮ ಮೊದಲ ಅಂಕದ ಫೋಟೋ ಮತ್ತೆ ಕೈಗೆ ತೆಗೆದುಕೊಂಡಳು.

"ನೀ ಫೋಟೋ ತೆಗದಿ. ನಾ ಚಪ್ಪಾಳಿ ಹೊಡದೆ," ಅಂದಳು. "ಹಡದಾಕಿಗೇ ತಿಳೀಲಿಲ್ಲ."

ಕಲಸಿದ ಫೋಟೋವನ್ನೇ ಸೆರಗಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದಳು.

ವರ್ಷದ ತನಕ ದಿಲೀಪ ನಾಟಕದ ಕಡೆ ಸುಳಿಯಲಿಲ್ಲ. ಈಗ ಹೋಗುತ್ತಾನೆ, ಕ್ಯಾಮೆರಾ ಚೀಲದಲ್ಲಿ ಒಂದು ಟೆಸ್ಟರ್ ಇಟ್ಟುಕೊಂಡು. ಅಲ್ಲಾಡದೆ ನಿಲ್ಲು ಎಂದು ಯಾರಿಗೂ ಹೇಳುವುದಿಲ್ಲ; ಫೋಟೋ ಮೊದಲಿನಂತೆ ಬರುವುದೂ ಇಲ್ಲ, ಕರೆಯೂ ಕಮ್ಮಿಯಾಗಿದೆ. ಮೊನ್ನೆ ಇಜೇರಿಯ ನಾಟಕದಲ್ಲಿ ಮೈಕಿನವ ನಕ್ಕ: "ಫೋಟೋದವ್ರಿಗ್ಯಾಕ್ರಿ ಇದರ ಉಸಾಬರಿ?"

ಸ್ಟ್ಯಾಂಡಿಗೆ ಹಚ್ಚಿದ ಟೆಸ್ಟರಿನ ದೀಪ ಹತ್ತಲಿಲ್ಲ. ಆದರೂ ನಾಟಕ ಮುಗಿಯುವ ತನಕ ದಿಲೀಪ ಮೇನ್ ಬೋರ್ಡಿನ ಪಕ್ಕದಲ್ಲೇ ನಿಂತಿದ್ದ. ಅಲ್ಲಿಂದ ಸ್ಟೇಜು ಅರ್ಧ ಮಾತ್ರ ಕಾಣುತ್ತಿತ್ತು.