ಬಸ್ಸಿನಡಿಯ ಕೆಂಚಪ್ಪ

ಕೆಂಚಪ್ಪನ ಅಪ್ಪ ಎತ್ತಿನ ಗಾಡಿ ಹೊಡೆದು ಬದುಕಿದವನು. ಬೆಂಕಿಪುರಕ್ಕೆ ಭದ್ರಾವತಿ ಎಂಬ ಹೆಸರು ಬಂದ ಹೊಸದರಲ್ಲಿ, ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ಸೌದೆ ಹೊತ್ತು ಹೋಗುತ್ತಿದ್ದ ಗಾಡಿಗಳ ಸಾಲಿನಲ್ಲಿ ಅವನದೂ ಒಂದಿತ್ತು. ಮಗನಿಗೆ ಎತ್ತುಗಳು ಹಿಡಿಸಲಿಲ್ಲ. ಸೇಲಂ ಕಡೆಯಿಂದ ಬಂದಿದ್ದ ಲಾರಿ ಡ್ರೈವರೊಬ್ಬನ ಬೆನ್ನು ಬಿದ್ದ. ಎರಡು ವರ್ಷ ಅವನ ಲಾರಿ ತೊಳೆದು, ಮೂರನೆಯ ವರ್ಷ ಸ್ಟೀರಿಂಗ್ ಹಿಡಿದ. 1931ರಲ್ಲಿ ಲೈಸೆನ್ಸು ಪಡೆದು ಶಿವಮೊಗ್ಗದ ಜನಾರ್ದನ ಶೆಟ್ಟರ ಬಸ್ಸಿಗೆ ಡ್ರೈವರಾದಾಗ ಅವನಿಗೆ ಇಪ್ಪತ್ತಾರು ವರ್ಷ. ಖಾಕಿ ಕೋಟು ಹೊಲಿಸಿಕೊಂಡು, ತಾನಿದ್ದ ಶಿವಮೊಗ್ಗದ ಹೊಸಮನೆ ಬೀದಿಯಲ್ಲಿ ನಡೆದು ಹೋದರೆ ಜನ ಜಗುಲಿಯಿಂದ ಕತ್ತು ಚಾಚಿ ನೋಡುತ್ತಿದ್ದರು.

ಆ ಬಸ್ಸು ಶಿವಮೊಗ್ಗಕ್ಕೂ ಭದ್ರಾವತಿಗೂ ದಿನಕ್ಕೆ ನಾಲ್ಕು ಸಲ ಓಡಾಡುತ್ತಿತ್ತು. ಲಾರಿಯ ಚಾಸಿ ಚೌಕಟ್ಟಿನ ಮೇಲೆ ಮರದ ಗೂಡು, ಬದಿಗೆ ಸುತ್ತಿಡುವ ಕ್ಯಾನ್ವಾಸ್ ಪರದೆ. ಸೀಟು ಹದಿನೆಂಟು, ಹತ್ತುವವರು ಮೂವತ್ತು. ಬ್ರೇಕು ಇದ್ದದ್ದು ಹಿಂದಿನ ಎರಡು ಗಾಲಿಗಳಿಗೆ ಮಾತ್ರ. ಪೆಡಲು ಒತ್ತಿದರೆ ಉದ್ದನೆಯ ಕಬ್ಬಿಣದ ಸರಳೊಂದು ಎಳೆದುಕೊಂಡು ಗಾಲಿಯೊಳಗಿನ ಪಟ್ಟಿ ಬಿಗಿಯಬೇಕು. ಸರಳನ್ನು ಪೆಡಲಿಗೆ ಸೇರಿಸುವ ಕೊಂಡಿಯಲ್ಲಿ ಒಂದು ದಪ್ಪ ಪಿನ್ನು. ಅದು ಜಾರದಂತೆ ತುದಿಯಲ್ಲಿ ಇನ್ನೊಂದು ಪುಟ್ಟ ಪಿನ್ನು, ಉಗುರಿನಷ್ಟುದ್ದದ್ದು, ತೂರಿಸಿ ಎರಡು ಕಾಲು ಮಡಚುವಂಥದ್ದು.

1936ರ ಶ್ರಾವಣದಲ್ಲಿ ಆ ಪುಟ್ಟ ಪಿನ್ನು ಸವೆದು ತುಂಡಾಯಿತು. ಶಿವಮೊಗ್ಗದಲ್ಲಿ ಎಲ್ಲೂ ಅಂಥದ್ದು ಸಿಗಲಿಲ್ಲ.

"ಬೆಂಗಳೂರಿಗೆ ಬರೆದಿದ್ದೀನಿ ಕೆಂಚಪ್ಪ, ಮುಂದಿನ ವಾರ ಬರುತ್ತೆ. ಅಲ್ಲೀವರೆಗೆ ಏನಾದ್ರೂ ಮಾಡು," ಎಂದರು ಶೆಟ್ಟರು.

ಕೆಂಚಪ್ಪ ಒಂದು ತಂತಿ ತೂರಿಸಿ ಎರಡು ಸುತ್ತು ತಿರುಚಿದ. ಮೊದಲ ಮೂರು ದಿನ ಬಸ್ಸಿನಡಿ ಬಗ್ಗಿ ನೋಡಿದ, ತಂತಿ ಇದ್ದಲ್ಲೇ ಇತ್ತು. ನಾಲ್ಕನೆಯ ದಿನದಿಂದ ನೋಡಲಿಲ್ಲ. ಹತ್ತನೆಯ ದಿನಕ್ಕೆ ಅದು ಅಲ್ಲಿದೆ ಎಂಬುದೇ ಮರೆತುಹೋಗಿತ್ತು.

ಬೆಂಗಳೂರಿನ ಪಿನ್ನು ಇನ್ನೂ ಬಂದಿರಲಿಲ್ಲ. ಅವತ್ತು ಗುರುವಾರ. ಮಲವಗೊಪ್ಪದಲ್ಲಿ ಮಾಸ್ತಮ್ಮ ಹತ್ತಿದಳು. ಕಾರ್ಖಾನೆಯ ಕೂಲಿ ಲೈನಿನ ಮನೆಗಳಿಗೆ ಮೊಸರು ಮಾರಲು ವಾರಕ್ಕೆರಡು ಸಲ ಬರುವವಳು. ಅವಳ ಗಂಡ ಬಂಗಾರಪ್ಪ ಅಲ್ಲೇ ಎರಕದ ಮನೆಯಲ್ಲಿ ಅಚ್ಚು ಕಟ್ಟುವ ಕೆಲಸದಲ್ಲಿದ್ದ. ಮಡಕೆ ಅಲುಗದಿರಲೆಂದು ಅವಳು ಯಾವಾಗಲೂ ಡ್ರೈವರನ ಎಡಗಡೆಯ ಮುಂದಿನ ಸೀಟನ್ನೇ ಹಿಡಿಯುತ್ತಿದ್ದಳು.

"ನಿಧಾನ ಹೊಡಿ ಮಾರಾಯ, ಭದ್ರಾವತಿ ಸೇರೋ ಹೊತ್ತಿಗೆ ನನ್ನ ಮೊಸರು ಮಜ್ಜಿಗೆ ಆಗಿರುತ್ತೆ," ಎಂದಳು.

"ಮಜ್ಜಿಗೆ ಆದ್ರೆ ನಂಗೊಂದು ಲೋಟ ಕೊಡು, ದುಃಖ ತೀರಿಸ್ಕೋತೀನಿ," ಎಂದ ಕೆಂಚಪ್ಪ. ಹಿಂದೆ ಕೂತವರು ನಕ್ಕರು.

ಭದ್ರಾ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಎದುರಿಗೆ ಹುಲ್ಲು ತುಂಬಿದ ಗಾಡಿಯೊಂದು ಸೇತುವೆ ದಾಟಿ ಬರುತ್ತಿತ್ತು. ಅದಕ್ಕೆ ದಾರಿ ಬಿಡೋಣವೆಂದು ಕೆಂಚಪ್ಪ ಬ್ರೇಕು ಒತ್ತಿದ. ಪೆಡಲು ಹಲಗೆಯವರೆಗೂ ಇಳಿದು ಅಲ್ಲೇ ನಿಂತಿತು. ಕೈಬ್ರೇಕು ಜಗ್ಗಿದ. ವೇಗ ಒಂದಿಷ್ಟು ತಗ್ಗಿತು, ಬಸ್ಸು ನಿಲ್ಲಲಿಲ್ಲ. ಬಲಕ್ಕೆ ಹೊಳೆ. ಎದುರಿಗೆ ಗಾಡಿ, ಗಾಡಿಯ ಮೇಲೆ ಗಂಡ ಹೆಂಡತಿ. ಎಡಕ್ಕೆ ದಿಣ್ಣೆ, ದಿಣ್ಣೆಯ ಅಂಚಿಗೆ ಹುಣಸೆಮರ. ಅವನು ಎಡಕ್ಕೆ ತಿರುಗಿಸಿದ.

ಹಿಂದೆ ಕೂತಿದ್ದವರಿಗೆ ತರಚಿದ ಗಾಯ, ಒಬ್ಬರ ತೋಳು ಮುರಿದಿತ್ತು. ಮರ ಹೊಡೆದದ್ದು ಬಸ್ಸಿನ ಎಡ ಮೂಲೆಗೆ. ಮಾಸ್ತಮ್ಮನನ್ನು ಹೊರಗೆ ತೆಗೆಯುವಾಗಲೇ ಅವಳ ಉಸಿರು ನಿಂತಿತ್ತು. ಎರಕದ ಮನೆಯಿಂದ ಬಂಗಾರಪ್ಪ ಕೈಯಲ್ಲಿ ಅಚ್ಚಿನ ಕರಿಮಣ್ಣು ಹಿಡಿದುಕೊಂಡೇ ಓಡಿ ಬಂದ. ಕೆಂಚಪ್ಪ ರಸ್ತೆಯ ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. ಬಂಗಾರಪ್ಪ ಅವನ ಕಡೆ ನೋಡಲೂ ಇಲ್ಲ.

ಕೇಸು ಕೋರ್ಟಿಗೆ ಬರುವ ಮುಂಚೆ ಶೆಟ್ಟರ ವಕೀಲರು ಕೆಂಚಪ್ಪನನ್ನು ಕರೆಸಿದರು.

"ಗಾಡಿಯ ಎತ್ತು ಬೆದರಿ ಅಡ್ಡ ಬಂತು ಅಂತ ಹೇಳು. ಸುಳ್ಳೇನಲ್ಲ, ಗಾಡಿ ಇತ್ತಲ್ಲ. ಬಸ್ಸು ಮರಕ್ಕೆ ಹೊಡೆದ ರಭಸಕ್ಕೆ ಸರಳು ಕಳಚಿರಬಹುದು. ಯಾರು ನೋಡಿದ್ದಾರೆ?"

ಕೆಂಚಪ್ಪ ಮನೆಗೆ ಬಂದು ಹೆಂಡತಿ ಕಾಶಮ್ಮನಿಗೆ ಹೇಳಿದ. ಅವಳು ರಾಗಿ ಕೇರುತ್ತಿದ್ದಳು. ಮೊರ ನಿಲ್ಲಿಸಿದಳು.

"ಎತ್ತು ಬೆದರಿತ್ತಾ?"

"ಇಲ್ಲ. ಸಾಧು ಎತ್ತು, ಸುಮ್ನೆ ನಡ್ಕೊಂಡು ಬರ್ತಾ ಇದ್ವು."

"ಹಾಗಾದ್ರೆ ಗಾಡಿಯವನ ಗತಿ?"

"ಅವನ ಮೇಲೆ ಬರುತ್ತೆ."

ಕಾಶಮ್ಮ ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. "ನೀವು ಜೈಲಿಗೆ ಹೋದ್ರೆ ನಾನು ಅಮ್ಮನ ಮನೇಲಿ ಇರ್ತೀನಿ. ಆರು ತಿಂಗಳೋ ವರ್ಷವೋ, ಅದು ಮುಗಿಯುತ್ತೆ. ಇನ್ನೊಂದು ಹೇಳಿದ್ರೆ ಅದು ಮುಗಿಯಲ್ಲ," ಎಂದು ಮತ್ತೆ ಕೇರತೊಡಗಿದಳು.

ಕೋರ್ಟಿನಲ್ಲಿ ಕೆಂಚಪ್ಪ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಪಿನ್ನು ತುಂಡಾದದ್ದು, ತಾನು ತಂತಿ ಹಾಕಿದ್ದು, ಮೂರು ದಿನ ನೋಡಿದ್ದು, ಆಮೇಲೆ ನೋಡದೇ ಇದ್ದದ್ದು. ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ, "ಇದೆಲ್ಲ ನಿನ್ನ ಮೇಲೇ ಬರುತ್ತೆ, ಗೊತ್ತಾ?" ಎಂದು ಕೇಳಿದರು. "ಗೊತ್ತು ಸ್ವಾಮಿ," ಎಂದ. ಆರು ತಿಂಗಳ ಸಜೆಯಾಯಿತು, ಲೈಸೆನ್ಸು ರದ್ದಾಯಿತು.

ಜೈಲಿನಿಂದ ಬಿಟ್ಟ ಮಾರನೆಯ ದಿನವೇ ಕೆಂಚಪ್ಪ ಮಲವಗೊಪ್ಪಕ್ಕೆ ನಡೆದುಕೊಂಡು ಹೋದ. ಬಂಗಾರಪ್ಪನ ಮನೆಯ ಮುಂದೆ, ಒಳಗೆ ಹೋಗದೆ, ಬಾಗಿಲ ಪಕ್ಕ ನೆಲದ ಮೇಲೆ ಕೂತ. ಬಂಗಾರಪ್ಪ ಒಮ್ಮೆ ಹೊರಗೆ ಬಂದು ನೋಡಿ ಒಳಗೆ ಹೋದ. ಮಧ್ಯಾಹ್ನದ ಬಿಸಿಲು ತಿರುಗುವ ಹೊತ್ತಿಗೆ ಮತ್ತೆ ಬಂದ.

"ನಿನ್ನ ಮುಖ ನೋಡೋಕೆ ನನ್ನ ಕೈಲಿ ಆಗಲ್ಲ. ಆದ್ರೂ ಒಂದು ಕೇಳ್ತೀನಿ. ಆ ತಂತಿ ವಿಷಯ ಯಾರಿಗೂ ಗೊತ್ತಿರಲಿಲ್ಲ. ನೀನೇ ಯಾಕೆ ಹೇಳ್ದೆ?"

ಕೆಂಚಪ್ಪ ತಲೆ ಎತ್ತಲಿಲ್ಲ. "ಬಸ್ಸುಗಳು ಇನ್ನೂ ಓಡ್ತಾ ಇವೆ ಅಣ್ಣ. ತಂತಿ ಹಾಕಿರೋದು ನಂದೊಂದರಲ್ಲೇ ಅಲ್ಲ."

"ಹಾಗಾದ್ರೆ ಹೋಗಿ ಅದನ್ನ ನೋಡು," ಎಂದ ಬಂಗಾರಪ್ಪ. "ನನ್ನ ಬಾಗಿಲಲ್ಲಿ ಕೂತ್ರೆ ಏನೂ ಆಗಲ್ಲ." ಬಾಗಿಲು ಹಾಕಿಕೊಂಡ.

ಅಲ್ಲಿಂದ ಎದ್ದವನು ನೇರವಾಗಿ ಶೆಟ್ಟರ ಬಳಿ ಹೋದ. ಕೋರ್ಟಿನಲ್ಲಿ ಮಾನ ಕಳೆದನೆಂದು ಶೆಟ್ಟರಿಗೆ ಸಿಟ್ಟಿತ್ತು, ಆದರೆ ಅವರು ಕೆಟ್ಟ ಮನುಷ್ಯರಲ್ಲ. ಆ ಸಾವು ಅವರ ನಿದ್ದೆಯನ್ನೂ ಕೆಡಿಸಿತ್ತು. "ನಂಗೆ ಡ್ರೈವರ್ ಕೆಲಸ ಬೇಡ ಶೆಟ್ರೆ, ಬಸ್ಸಿನ ಅಡಿ ನೋಡೋ ಕೆಲಸ ಕೊಡಿ," ಎಂದಾಗ ಅವರಿಗೆ ಮೊದಲು ಅರ್ಥವಾಗಲಿಲ್ಲ. ಅಂಥದ್ದೊಂದು ಕೆಲಸ ಅಲ್ಲಿಯವರೆಗೆ ಇರಲಿಲ್ಲ. ಕೆಟ್ಟದ್ದನ್ನು ರಿಪೇರಿ ಮಾಡಲು ಮಿಸ್ತ್ರಿ ಇದ್ದ. ಕೆಡದೇ ಇರುವುದನ್ನು ನೋಡಲು ಆಳೇಕೆ?

ಆದರೂ ಇಟ್ಟುಕೊಂಡರು. ಬೆಳಗಿನ ಮೊದಲ ಬಸ್ಸು ಹೊರಡುವ ಮುಂಚೆ ಕೆಂಚಪ್ಪ ಗೋಣಿ ಹಾಸಿಕೊಂಡು ಅಡಿಗೆ ತೂರುತ್ತಿದ್ದ. ಸರಳು, ಕೊಂಡಿ, ಪಿನ್ನು, ಸ್ಪ್ರಿಂಗಿನ ಪಟ್ಟಿ, ಸ್ಟೀರಿಂಗಿನ ಕೀಲು ಎಲ್ಲವನ್ನೂ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಕಣ್ಣು ಮೋಸ ಮಾಡುತ್ತೆ, ಬೆರಳು ಮಾಡಲ್ಲ ಎನ್ನುವುದು ಅವನ ಮಾತು. ಆಮೇಲೆ ಜಾಕಿ ಕೊಟ್ಟು ಹಿಂದಿನ ಗಾಲಿ ಎತ್ತಿ, ಡ್ರೈವರಿಗೆ ಪೆಡಲು ಒತ್ತಲು ಹೇಳಿ, ಎರಡೂ ಗಾಲಿಗಳನ್ನು ಕೈಯಿಂದ ತಿರುಗಿಸುತ್ತಿದ್ದ. ಎರಡೂ ಒಂದೇ ಸಮ ಹಿಡಿಯಬೇಕು. ಒಂದು ಬಿಗಿಯಾಗಿ ಇನ್ನೊಂದು ಸಡಿಲವಾದರೆ ಬಸ್ಸು ಪಕ್ಕಕ್ಕೆ ಎಳೆಯುತ್ತದೆ. ಬೇರೆ ಮಾಲೀಕರು ನಕ್ಕರು. ಒಂದು ಮಳೆಗಾಲದಲ್ಲಿ ಅವರ ಬಸ್ಸುಗಳೆರಡು ಚರಂಡಿಗೆ ಬಿದ್ದ ಮೇಲೆ, ಅವರೂ ಕರೆಯತೊಡಗಿದರು. ಅಷ್ಟರಲ್ಲಿ ಊರಿನವರು ಅವನಿಗೆ 'ಬಸ್ಸಿನಡಿಯ ಕೆಂಚಪ್ಪ' ಎಂದು ಹೆಸರಿಟ್ಟಾಗಿತ್ತು.

ಅವನು ಮಾತ್ರ ಬಸ್ಸು ಹತ್ತುತ್ತಿರಲಿಲ್ಲ. ಎಷ್ಟು ದೂರವಾದರೂ ನಡೆಯುತ್ತಿದ್ದ.

ಯುದ್ಧ ಬಂತು. ಪೆಟ್ರೋಲು ಸಿಗದಾಯಿತು. ಬಸ್ಸುಗಳ ಹಿಂದೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನಿಂದ ಇಂಜಿನ್ ಓಡಿಸುವ ಕಾಲ. ಭದ್ರಾವತಿಯ ಸುತ್ತ ಇದ್ದಿಲಿಗೆ ಬರವಿರಲಿಲ್ಲ. ಎಲ್ಲರೂ ಇದ್ದಿಲ ಹೊಗೆಯನ್ನು ಬೈದರೆ, ಕೆಂಚಪ್ಪನಿಗೆ ಚಿಂತೆಯಾದದ್ದು ಡ್ರಮ್ಮಿನ ಭಾರ. ಬಸ್ಸಿನ ಬೆನ್ನಿಗೆ ಭಾರ ಬಂದಿತ್ತು, ಬ್ರೇಕು ಮಾತ್ರ ಹಳೆಯದೇ. ಬಿಡಿಭಾಗಗಳು ಹಡಗಿನಲ್ಲಿ ಬರುವುದೂ ನಿಂತಿತ್ತು.

1943ರ ಮಾರ್ಗಶಿರದ ಒಂದು ಬೆಳಿಗ್ಗೆ, ಭೈರಪ್ಪ ಎಂಬ ಹೊಸ ಡ್ರೈವರು ಓಡಿಸುವ ಬಸ್ಸಿನಡಿ ಕೆಂಚಪ್ಪ ಮಲಗಿದ್ದ. ಬಸ್ಸು ತುಂಬಿತ್ತು, ಹೆಚ್ಚಿನವರು ಕಾರ್ಖಾನೆಯ ಪಾಳಿಗೆ ಹೋಗುವವರು. ಹಿಂದಿನ ಗಾಲಿಯಲ್ಲಿ ಬ್ರೇಕಿನ ಪಟ್ಟಿ ಹಿಡಿಯುವ ಎರಕದ ಡ್ರಮ್ಮಿನ ಮೇಲೆ ಬೆರಳಾಡಿಸಿದಾಗ ಉಗುರು ಒಂದು ಗೆರೆಯಲ್ಲಿ ಸಿಕ್ಕಿಕೊಂಡಿತು. ಬಟ್ಟೆಯಿಂದ ಒರೆಸಿ ನೋಡಿದ. ಕೂದಲೆಳೆಯಂಥ ಬಿರುಕು. ಹೊರಗೆ ಬಂದು, "ಬಸ್ಸು ಹೋಗಬಾರದು," ಎಂದ.

ಭೈರಪ್ಪ ಬಗ್ಗಿ ನೋಡಿದ. "ಎಲ್ಲಿ? ನಂಗೇನೂ ಕಾಣಲ್ಲ."

"ಬೆರಳಿಟ್ಟು ನೋಡು."

"ನಿನ್ನೆ ನಾಲ್ಕು ಸಲ ಹೋಗಿ ಬಂದಿದೆ ಮಾರಾಯ. ಇವತ್ತೊಂದಿನ ಹೋಗುತ್ತೆ. ಸಂಜೆ ಬಿಚ್ಚೋಣ. ಪಾಳಿ ತಪ್ಪಿದ್ರೆ ಇವರಿಗೆಲ್ಲ ಯಾರು ಉತ್ತರ ಹೇಳ್ತಾರೆ?"

ಒಳಗಿನಿಂದ ಗೊಣಗಾಟ ಎದ್ದಿತು. ಯಾರೋ ತಮಿಳಿನಲ್ಲಿ ಬೈದರು. ಹೊತ್ತಾಯಿತು ಬಿಡ್ರೀ ಎಂದರು ಇನ್ಯಾರೋ. ಭೈರಪ್ಪ ಹತ್ತಿ ಕೂತ. ಕೆಂಚಪ್ಪ ಬಸ್ಸಿನ ಮುಂದೆ ಬಂದ. ಗೋಣಿಯನ್ನು ಮುಂದಿನ ಗಾಲಿಯ ಎದುರಿಗೆ ಎಳೆದು ಅದರ ಮೇಲೆ ಕೂತುಬಿಟ್ಟ. ಇಂಜಿನ್ ಗುರುಗುಟ್ಟುತ್ತಿತ್ತು. ಅವನ ಬೆನ್ನಿಗೆ ರೇಡಿಯೇಟರಿನ ಬಿಸಿ ತಾಗುತ್ತಿತ್ತು.

ಆಗ ಬಸ್ಸಿನ ಹಿಂದಿನ ಸೀಟಿನಿಂದ ಒಬ್ಬ ಬುತ್ತಿ ಗಂಟು ಹಿಡಿದು ಇಳಿದು ಬಂದ. ಕೂದಲು ಬೆಳ್ಳಗಾಗಿತ್ತು, ಕೆಂಚಪ್ಪನಿಗೆ ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು. ಬಂಗಾರಪ್ಪ. ನೆಂಟರ ಮನೆಗೆ ಬಂದಿದ್ದವನು ಶಿವಮೊಗ್ಗದಿಂದಲೇ ಪಾಳಿಗೆ ಹೊರಟಿದ್ದ. ಅವನ ಬಾಗಿಲಲ್ಲಿ ಕೂತು ಬಂದ ಮೇಲೆ ಆರು ವರ್ಷದಲ್ಲಿ ಇಬ್ಬರೂ ಎದುರುಬದುರಾಗಿರಲಿಲ್ಲ.

ಬಂಗಾರಪ್ಪ ಗಾಲಿಯ ಪಕ್ಕ ಮಂಡಿಯೂರಿ, ಒಳಗೆ ಕೈ ಹಾಕಿ, ಡ್ರಮ್ಮಿನ ಮೇಲೆ ಹೆಬ್ಬೆರಳು ಎಳೆದ. ಇಪ್ಪತ್ತು ವರ್ಷ ಎರಕದ ಕಬ್ಬಿಣ ಮುಟ್ಟಿದ ಕೈ. ಎದ್ದು ನಿಂತು ಒಳಗಿದ್ದವರಿಗೆ ಹೇಳಿದ: "ಬೀಡುಕಬ್ಬಿಣ ಒಡೆದಿದೆ. ಎರಕ ಒಡೆದ್ರೆ ಬಗ್ಗಲ್ಲ, ಒಂದೇ ಸಲ ಚೂರಾಗುತ್ತೆ. ನಾನು ರೈಲಿಗೆ ಹೋಗ್ತೀನಿ. ಬರೋರು ಬನ್ನಿ."

ಮೊದಲು ಅವನ ಜೊತೆಯ ಎರಕದವರು ಇಬ್ಬರು ಇಳಿದರು. ಆಮೇಲೆ ಒಬ್ಬ ಹೆಂಗಸು. ಆಮೇಲೆ ಉಳಿದವರು. ಭೈರಪ್ಪ ಇಂಜಿನ್ ಆರಿಸಿದ. ಬಂಗಾರಪ್ಪ ಕೆಂಚಪ್ಪನ ಹತ್ತಿರ ಹಾದು ಹೋಗುವಾಗ ಒಂದು ಕ್ಷಣ ನಿಂತು, ಸ್ಟೇಷನ್ನಿನ ಕಡೆ ನಡೆದ. ಅವತ್ತು ಅವರಿಗೆಲ್ಲ ಅರ್ಧ ಪಾಳಿ ತಪ್ಪಿತು.

ಮಧ್ಯಾಹ್ನ ಷೆಡ್ಡಿನಲ್ಲಿ ಗಾಲಿ ಬಿಚ್ಚಿದರು. ಬಿರುಕು ಡ್ರಮ್ಮಿನ ಅರ್ಧ ಸುತ್ತು ಹರಿದಿತ್ತು. ಭೈರಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇವತ್ತೇ ಹೋಗ್ತಿತ್ತು ಅಂತೀಯಾ?"

"ಗೊತ್ತಿಲ್ಲ," ಎಂದ ಕೆಂಚಪ್ಪ. "ಇವತ್ತು ಹೋಗದೇ ಇರಬಹುದಿತ್ತು. ಇನ್ನೂ ಒಂದು ತಿಂಗಳು ಓಡಬಹುದಿತ್ತು. ಆಗದೇ ಇದ್ದದ್ದಕ್ಕೆ ಸಾಕ್ಷಿ ಎಲ್ಲಿಂದ ತರೋಣ ತಮ್ಮ."

ಭೈರಪ್ಪ ಆಮೇಲೆ ಯಾವತ್ತೂ ವಾದ ಮಾಡಲಿಲ್ಲ. ಮಾರನೆಯ ವಾರದಿಂದ ತಾನೇ ಒಂದು ಗೋಣಿ ತಂದುಕೊಂಡ. ಶಿವಮೊಗ್ಗದ ಎಲ್ಲ ಮಾಲೀಕರೂ ಸೇರಿ, ಕೆಂಚಪ್ಪ ನೋಡದ ಬಸ್ಸು ಹೊರಡಕೂಡದು ಎಂದು ಒಪ್ಪಿಕೊಂಡರು. ಪೊಲೀಸ್ ಸಾಹೇಬರೊಬ್ಬರು ಲೈಸೆನ್ಸು ಮರಳಿ ಕೊಡಿಸುತ್ತೇನೆಂದು ಹೇಳಿ ಕಳಿಸಿದಾಗ, ಬೇಡ ಸ್ವಾಮಿ ಎಂದು ಕೈಮುಗಿದ.

ಯುದ್ಧ ಮುಗಿದು, ಪೆಟ್ರೋಲು ಬಂದು, ನಾಲ್ಕೂ ಗಾಲಿಗೆ ಎಣ್ಣೆಯ ಬ್ರೇಕಿರುವ ಹೊಸ ಬಸ್ಸುಗಳು ಬಂದವು. ಅವುಗಳ ಕೊಳವೆಗಳನ್ನೂ ಕೆಂಚಪ್ಪ ಬೆರಳಿನಿಂದಲೇ ಕಲಿತ. 1947ರ ಚಳಿಗಾಲದಲ್ಲಿ ಅವನು ಎದೆನೋವು, ಕೆಮ್ಮಿನಿಂದ ಹಾಸಿಗೆ ಹಿಡಿದ. ನೆಲದ ತಂಡಿಯೂ ಇದ್ದಿಲ ಧೂಳೂ ಸೇರಿ ತಂದದ್ದು ಎಂದರು ಡಾಕ್ಟರು. ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಬಂಗಾರಪ್ಪ ನಿಂತಿದ್ದ. ಕಾಶಮ್ಮ ಚಾಪೆ ಹಾಸಿದಳು. ಗಂಡಸರಿಬ್ಬರೂ ಮಳೆ ಬೆಳೆಯ ಮಾತಾಡಿದರು, ಕಾರ್ಖಾನೆಯಲ್ಲಿ ಹಾಕುತ್ತಿದ್ದ ಹೊಸ ಕುಲುಮೆಯ ಮಾತಾಡಿದರು. ಮಾಸ್ತಮ್ಮನ ಹೆಸರು ಯಾರೂ ಎತ್ತಲಿಲ್ಲ. ಕಾಶಮ್ಮ ಕೊಟ್ಟ ಕಾಫಿಯನ್ನು ಬಂಗಾರಪ್ಪ ಕುಡಿದ. ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಮಗಳ ಮದುವೆ ಇಟ್ಕೊಂಡಿದ್ದೀನಿ, ಮಾಘದಲ್ಲಿ. ದಿಬ್ಬಣ ಬಸ್ಸಲ್ಲಿ ಹೋಗುತ್ತೆ, ತರೀಕೆರೆಗೆ," ಎಂದ. ಆಮೇಲೆ ಮೆಟ್ಟು ಹಾಕಿಕೊಳ್ಳುತ್ತ, "ಹೊರಡೋ ಮುಂಚೆ ನೀನೊಂದು ಸಲ ನೋಡು," ಎಂದ.

ಮಾಘದ ಹೊತ್ತಿಗೆ ಕೆಂಚಪ್ಪ ಎದ್ದು ಓಡಾಡುವಂತಾಗಿದ್ದ. ದಿಬ್ಬಣದ ದಿನ ಬೆಳಿಗ್ಗೆ ಕೋಲೂರಿಕೊಂಡು ಮಲವಗೊಪ್ಪಕ್ಕೆ ಹೋದ. ಅಡಿಗೆ ತೂರಲು ಅವನಿಗೆ ಆಗುತ್ತಿರಲಿಲ್ಲ. ಬಸ್ಸು ತಂದಿದ್ದ ಭೈರಪ್ಪನೇ ತೂರಿದ, ಕೆಂಚಪ್ಪ ಪಕ್ಕದಲ್ಲಿ ಕೂತು ಒಂದೊಂದನ್ನೇ ಕೇಳಿದ, ಭೈರಪ್ಪ ಒಳಗಿನಿಂದ ಉತ್ತರ ಹೇಳಿದ. ಮದುಮಗಳು ಹತ್ತಿದಳು, ಹೆಂಗಸರು ಹತ್ತಿದರು. ಬಂಗಾರಪ್ಪ ಕೊನೆಗೆ ಬಾಗಿಲಲ್ಲಿ ನಿಂತು, "ಬಾ, ಹತ್ತು," ಎಂದ.

ಕೆಂಚಪ್ಪ ಕೋಲನ್ನು ಅವನ ಕೈಗೆ ಕೊಟ್ಟು, ಬಾಗಿಲ ಪಕ್ಕದ ಸರಳು ಹಿಡಿದು, ಮೆಟ್ಟಿಲು ಹತ್ತಿದ.